ಎರಡನೆಯ ಚಾಳೀಸು

ಗುರುವಾರ ನಡುರಾತ್ರಿ ಹನ್ನೆರಡಕ್ಕೆ
ಕ್ಯಾಪ್ಟನ್ ಎವಾರಿಷ್ಟು ಬೆಟೆನ್‌ಕೂರ್ ಅವರಿಗೆ ಅರವತ್ತೈದು.
ಹನ್ನೊಂದು ಐವತ್ತೊಂಬತ್ತರವರೆಗೆ
ಮೂವತ್ತೇಳು ಜೀವಗಳನ್ನು ಅವರ ಅಂಗೈಯಲ್ಲಿಡಬಹುದು.
ಆಮೇಲೆ ಅದೇ ಅಂಗೈಗೆ
ಒಂದು ಬೋರ್ಡಿಂಗ್ ಪಾಸು.

ಎಡಸೀಟು ಅವರದು, ಬಲಸೀಟು ನನ್ನದು,
ಹನ್ನೊಂದು ವರ್ಷದಿಂದ.
ಅಸೋರ್ಸ್ ದ್ವೀಪಗಳಲ್ಲಿ ಎಡಸೀಟುಗಳು ಎಣಿಸಿದಷ್ಟೇ.
ಒಬ್ಬರು ಎದ್ದರೆ ಒಬ್ಬರು ಕೂರಬೇಕು.
ಪವಿತ್ರಾತ್ಮದ ಹಬ್ಬದಲ್ಲಿ ಊರಿಗೆಲ್ಲ ಸಾರು ಬಡಿಸುವಾಗ
ಮೊದಲ ಪಂಕ್ತಿಯವರ ಬೆನ್ನ ಹಿಂದೆ ನಿಂತು
ಬಟ್ಟಲ ತಳ ಕಂಡಿತೇ ಎಂದು ಇಣುಕುತ್ತೇವಲ್ಲ,
ಹಾಗೆ.

ನಿವೃತ್ತಿಯನ್ನು ಅರವತ್ತೇಳಕ್ಕೆ ಏರಿಸಬೇಕೇ ಬೇಡವೇ ಎಂದು
ಸಂಘ ಚೀಟಿ ಹಂಚಿತ್ತು ಫೆಬ್ರವರಿಯಲ್ಲಿ.
ಬೇಡ ಎಂದು ಗೀಚಿದೆ. ಮಡಚಿದೆ.
ನಾಲ್ಕು ಮಡಿಕೆ ಯಾಕೆ ಮಾಡಿದೆನೋ, ಎರಡು ಸಾಕಿತ್ತು.
ಆವತ್ತು ಸಂಜೆ ಅವರೇ ನನಗೆ ಕಾಫಿ ಕೊಡಿಸಿದರು.

ಅವರಪ್ಪ ಪೀಕು ದ್ವೀಪದ ಗುಡ್ಡದ ಮೇಲೆ
ಕಲ್ಲಿನ ಗೂಡಿನಲ್ಲಿ ಕೂತು ಕಡಲು ಕಾಯುತ್ತಿದ್ದವರು.
ದೂರದಲ್ಲಿ ತಿಮಿಂಗಿಲ ಉಸಿರು ಬಿಟ್ಟರೆ
ಆಕಾಶಕ್ಕೆ ಬಾಣ ಹಾರಿಸಿ
ಕೆಳಗಿನ ದೋಣಿಗಳಿಗೆ ಸುದ್ದಿ ಕೊಡಬೇಕು.
ಎಪ್ಪತ್ತೆಂಟರವರೆಗೆ ಕಾದರಂತೆ.
ಅರವತ್ತಕ್ಕೆ ಅರಳುಮರಳು ಎಂದು ಯಾರೂ ಅನ್ನಲಿಲ್ಲ.
ಒಂದು ದಿನ ಕಂಡ ಕಂಡ ನೊರೆಗೆಲ್ಲ ಬಾಣ ಹಾರಿಸಿದರು.
ದೋಣಿಗಳು ಹೋದವು, ಬರಿಗೈಯಲ್ಲಿ ಬಂದವು.
ಯಾರೂ ಬೈಯಲಿಲ್ಲ.
ಮರುದಿನ ಅವರು ಗುಡ್ಡ ಹತ್ತಲಿಲ್ಲ.
"ಕಾಗದ ಪತ್ರ ಏನೂ ಇರಲಿಲ್ಲ, ನೋಡು"
ಎಂದು ಕ್ಯಾಪ್ಟನ್ ನಗುತ್ತಾರೆ, ಇಪ್ಪತ್ತನೆಯ ಸಲ.

ಕೋರ್ವು ದ್ವೀಪದ ರನ್‌ವೇ ಎಂಟುನೂರು ಮೀಟರು.
ಆಚೆ ಕಡಲು, ಈಚೆ ಕಡಲು,
ಪಕ್ಕದಲ್ಲೇ ಊರು, ಬಟ್ಟೆ ಒಣಹಾಕುತ್ತ ನೋಡುತ್ತದೆ.
ಗಾಳಿ ಅಡ್ಡ ಬೀಸಿತು. ಎಡರೆಕ್ಕೆ ಕುಸಿಯಿತು.
ಅವರ ಕೈ ಬಂತು.
ಬಂತು, ನಾನೆಣಿಸಿದ್ದಕ್ಕಿಂತ ಒಂದು ರೆಪ್ಪೆ ತಡವಾಗಿ.
ಅಥವಾ ನಾನೇ ಒಂದು ರೆಪ್ಪೆ ಮೊದಲು ಎಣಿಸಿದೆನೋ?
ಚೀಟಿ ಮಡಚಿದವಳ ಕಣ್ಣು
ಯಾವುದನ್ನಾದರೂ ನೆಟ್ಟಗೆ ನೋಡೀತೇ?
ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ.
ಹಿಂದಿನ ಸಾಲಿನಲ್ಲಿ
ಮೊಮ್ಮಗನ ಕೇಕು ತೊಡೆಯ ಮೇಲಿಟ್ಟುಕೊಂಡ ಮುದುಕಿ
ನಿದ್ದೆಯಿಂದ ಏಳಲಿಲ್ಲ.

ಹೊರ್ತಾಗೆ ಮರಳಿ, ವಿಮಾನದ ಪುಸ್ತಕದಲ್ಲಿ
ಎಂದಿನಂತೆ ಬರೆದರು: ದೋಷಗಳು, ಇಲ್ಲ.
ಸಹಿ ಹಾಕಿ, ಪೆನ್ನಿನ ಟೋಪಿ ಹುಡುಕಿ,
ಕಿಟಕಿಯ ಗಾಜನ್ನು ಅಂಗಿಯ ತೋಳಿನಿಂದ ಒರೆಸತೊಡಗಿದರು,
ನಾಳೆಯೂ ತಾವೇ ಬರುವವರ ಹಾಗೆ.
ಬಿಡಿ, ನಾನು ಒರೆಸುತ್ತೇನೆ ಎಂದೆ.
"ಬೇಡ, ನಾನೇ" ಎಂದರೋ,
"ಬೇಡ ಅಂದೆ ನಾನೂ" ಎಂದರೋ,
ಪಕ್ಕದ ವಿಮಾನದ ಪ್ರೊಪೆಲ್ಲರು ಸುತ್ತುತ್ತಿತ್ತು,
ಸರಿಯಾಗಿ ಕೇಳಿಸಲಿಲ್ಲ.
ಮತ್ತೆ ಕೇಳಲಿಲ್ಲ.

ತರಬೇತಿ, ಪರೀಕ್ಷೆ, ಇನ್ನೊಂದು ಪರೀಕ್ಷೆ ಮುಗಿದು
ಚಳಿಗಾಲದ ಒಂದು ಬೆಳಗ್ಗೆ ಎಡಕ್ಕೆ ಕೂತೆ.
ಸೀಟು ಅವರ ಮೈಯ ಆಕಾರಕ್ಕೆ ತಗ್ಗಿತ್ತು.
ಪಕ್ಕದ ಚೀಲದಲ್ಲಿ ಪೆನ್ನಿಗೆ ತಡಕಿದರೆ
ಸಿಕ್ಕಿದ್ದು ಅವರ ಎರಡನೆಯ ಚಾಳೀಸು.
ಒಂದು ಮುರಿದರೆ ಇನ್ನೊಂದು ಇರಬೇಕೆಂದು ನಿಯಮ.
ಇದರದ್ದೂ ಒಂದು ಕಾಲಿಗೆ ದಾರ ಸುತ್ತಿತ್ತು.

ತಮಾಷೆಗೆ ಹಾಕಿಕೊಂಡೆ.
ಬಲಸೀಟಿನ ಹುಡುಗ ದೀನಿಶ್ ನಕ್ಕ.
ನಕ್ಷೆಯ ಮೇಲಿನ ಇರುವೆ ಸಾಲು
ತಟ್ಟನೆ ಅಂಕಿಗಳಾಗಿ ನಿಂತಿತು:
ಗುಡ್ಡದ ಎತ್ತರ, ರನ್‌ವೇಯ ಉದ್ದ,
ಇಷ್ಟು ಕಪ್ಪಗೆ, ಇಷ್ಟು ಹತ್ತಿರ
ಎಷ್ಟು ತಿಂಗಳಿಂದ ಕಂಡಿರಲಿಲ್ಲವೋ.

ನಲವತ್ತಮೂರು ನನಗೆ.

ತೆಗೆದು ಮಡಚಿ ಚೀಲಕ್ಕೆ ಹಾಕಿದೆ.
ಹುಡುಗನ ನಗು ನಿಂತಿತ್ತು, ನೋಟ ನಿಂತಿರಲಿಲ್ಲ.
ಗಾಳಿಯ ವರದಿ ನೀನೇ ಓದಪ್ಪ, ಎಂದೆ,
ಸ್ವಲ್ಪ ಗಟ್ಟಿಯಾಗಿ.